ಮಾಡಿದವರು ಹೋದ ಮೇಲೆ ಬರುವ ಚಿಪ್

ನಾನು ಮೂರು ವರ್ಷ ದುಡಿದ ಚಿಪ್ ಮಾರುಕಟ್ಟೆಗೆ ಬಂದ ದಿನ ನಾನು ಆ ಕಂಪನಿಯಲ್ಲಿ ಇರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲೇ ನಮ್ಮ ತಂಡವನ್ನು ಮುಚ್ಚಿದ್ದರು. ಬೆಳಗ್ಗೆ ಹದಿನೈದು ನಿಮಿಷದ ಒಂದು ಕಾಲ್. ಕಾಲ್ ಮುಗಿಯುವಷ್ಟರಲ್ಲಿ ಲಾಗಿನ್ ನಿಂತುಹೋಗಿತ್ತು. ಹಿಂದಿನ ರಾತ್ರಿ ಓಡಿಸಿಟ್ಟು ಬಂದಿದ್ದ ಟೆಸ್ಟ್‌ಗಳು ಪಾಸಾದವೋ ಫೇಲಾದವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ನನ್ನದು ವೆರಿಫಿಕೇಶನ್ ಕೆಲಸ. ಡಿಸೈನ್‌ನವರು ಬರೆದ ಚಿಪ್ಪನ್ನು ಅದು ಸಿಲಿಕಾನ್ ಆಗುವ ಮೊದಲೇ ಕಂಪ್ಯೂಟರಿನಲ್ಲಿ ಓಡಿಸಿ, ಎಲ್ಲಿ ತಪ್ಪುತ್ತದೆ ಅಂತ ಹುಡುಕಬೇಕು. ನನ್ನ ಪಾಲಿಗೆ ಬಂದದ್ದು ನಿದ್ದೆ-ಎಚ್ಚರದ ಭಾಗ. ಕೆಲಸ ಇಲ್ಲದಾಗ ಚಿಪ್ಪಿನ ಭಾಗಗಳು ಕರೆಂಟ್ ಉಳಿಸಲು ಮಲಗುತ್ತವೆ. ಕೆಲಸ ಬಂದ ಕೂಡಲೇ ಏಳಬೇಕು. ಏಳುವಾಗ ಯಾವ ಕ್ಲಾಕ್ (ಚಿಪ್ಪಿಗೆ ತಾಳ ಹಾಕುವ ಮಿಡಿತ) ಮೊದಲು ಬರಬೇಕು, ಯಾವ ರಿಸೆಟ್ (ಮೊದಲ ಸ್ಥಿತಿಯಲ್ಲಿ ಹಿಡಿದಿಡುವ ಸಿಗ್ನಲ್) ಆಮೇಲೆ ಬಿಡಬೇಕು ಅನ್ನುವುದಕ್ಕೆ ಒಂದು ಕ್ರಮ ಇದೆ. ಅದರಲ್ಲಿ ಚೂರು ಎಡವಟ್ಟಾದರೂ ಇಡೀ ಸಿಸ್ಟಮ್ ಹ್ಯಾಂಗ್. ಮೂರು ವರ್ಷ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಚಿಪ್ ಬಿಡುಗಡೆಯಾದಾಗ ಬಂದ ವಿಮರ್ಶೆಗಳನ್ನು ಒಂದೂ ಬಿಡದೆ ಓದಿದೆ. ಬ್ಯಾಟರಿ ಚೆನ್ನಾಗಿ ಬಾಳುತ್ತದೆ ಅಂತ ಬರೆದಿದ್ದರು. ಖುಷಿಯಾಯಿತು. ಹೊಟ್ಟೆಯೊಳಗೆ ಯಾರೋ ಕಿವುಚಿದ ಹಾಗೂ ಆಯಿತು. ಆವತ್ತಿನಿಂದ ಚಿಪ್ ಕಂಪನಿಗಳ ಪೈಪೋಟಿಯ ಸುದ್ದಿ ಓದುವ ನನ್ನ ರೀತಿಯೇ ಬದಲಾಗಿದೆ. ಇವರು ಗೆದ್ದರು, ಅವರು ಸೋತರು ಅಂತ ಓದಿದಾಗಲೆಲ್ಲ ಬೆರಳು ಮಡಚಿ ನಾಲ್ಕೈದು ವರ್ಷ ಹಿಂದಕ್ಕೆ ಎಣಿಸುತ್ತೇನೆ. ಆವಾಗ ಅಲ್ಲಿ ಯಾರಿದ್ದರು? ಯಾರನ್ನು ಕಳಿಸಿದರು? ಯಾರನ್ನು ಕರೆದರು?

ಒಂದು ದೊಡ್ಡ ಪ್ರೊಸೆಸರನ್ನು ಮೊದಲಿನಿಂದ ಕಟ್ಟಿ ಹೊರಗೆ ತರಲು ಅಷ್ಟು ಕಾಲ ಬೇಕೇ ಬೇಕು. ಆರ್ಕಿಟೆಕ್ಚರ್, ಕೋಡ್, ವೆರಿಫಿಕೇಶನ್, ಲೇಔಟ್, ಆಮೇಲೆ ಟೇಪ್‌ಔಟ್, ಅಂದರೆ ಮುಗಿದ ಡಿಸೈನನ್ನು ತಯಾರಿಕೆಗೆ ಕಳಿಸುವುದು. ಟೇಪ್‌ಔಟ್ ಆಗಿ ಫ್ಯಾಬಿಗೆ, ಅಂದರೆ ಚಿಪ್ ತಯಾರಿಸುವ ಕಾರ್ಖಾನೆಗೆ, ಹೋದ ಮೇಲೂ ವೇಫರ್ (ಚಿಪ್‌ಗಳು ಮೂಡಿದ ಸಿಲಿಕಾನ್ ತಟ್ಟೆ) ಕೈಗೆ ಸಿಗಲು ತಿಂಗಳುಗಟ್ಟಲೆ ಕಾಯಬೇಕು. ಬಂದ ಸಿಲಿಕಾನ್ ಒಂದೇ ಸಲಕ್ಕೆ ಸರಿಯಾಗಿರುವುದು ಅಪರೂಪ. ಹಾಗಾಗಿ ಈ ಮೂರು ತಿಂಗಳ ಲಾಭದ ಲೆಕ್ಕಕ್ಕೂ ಈ ಮೂರು ತಿಂಗಳಲ್ಲಿ ಕೂತು ಕೆಲಸ ಮಾಡುತ್ತಿರುವವರಿಗೂ ಸಂಬಂಧ ತುಂಬಾ ಕಡಿಮೆ. ಇವತ್ತಿನ ಲಾಭ ಹಿಂದೆ ಇದ್ದವರದು. ಇವತ್ತು ತೆಗೆದುಹಾಕಿದವರ ಜಾಗ ಎಷ್ಟು ಖಾಲಿ ಅನ್ನುವುದು ಮುಂದೆ ಯಾವತ್ತೋ ಕಾಣುತ್ತದೆ. ಆ ಹೊತ್ತಿಗೆ ತೆಗೆದವರೂ ಆ ಕುರ್ಚಿಯಲ್ಲಿ ಇರುವುದಿಲ್ಲ.

ಕಂಪ್ಯೂಟರ್ ಪ್ರೊಸೆಸರ್‌ಗಳಲ್ಲಿ ಇಂಟೆಲ್‌ನ ಹಳೆಯ ಎದುರಾಳಿ ಎಎಂಡಿಯ ಕಥೆ ನೋಡಿ. 2011ರ ಅಕ್ಟೋಬರಿನಲ್ಲಿ ಅವರ ಬುಲ್ಡೋಜರ್ ಅನ್ನುವ ಹೊಸ ಪ್ರೊಸೆಸರ್ ಬಂತು. ತುಂಬಾ ನಿರೀಕ್ಷೆ ಇತ್ತು. ಕೆಲವು ಕೆಲಸಗಳಲ್ಲಿ ಅದು ತಮ್ಮದೇ ಹಳೆಯ ಚಿಪ್‌ಗಿಂತಲೂ ಹಿಂದೆ ಬಿತ್ತು. ಮುಂದಿನ ತಿಂಗಳೇ ಸುಮಾರು 10% ಜನರನ್ನು ತೆಗೆದರು. 2012ರ ಅಕ್ಟೋಬರಿನಲ್ಲಿ ಮತ್ತೆ ಸುಮಾರು 15%. 2013ರಲ್ಲಿ ಆಸ್ಟಿನ್‌ನ ತಮ್ಮ ಕ್ಯಾಂಪಸ್ಸನ್ನೇ ಮಾರಿ, ಅದೇ ಕಟ್ಟಡದಲ್ಲಿ ಬಾಡಿಗೆಗೆ ಕೂತರು. 2015ರಲ್ಲಿ ಷೇರಿನ ಬೆಲೆ 2 ಡಾಲರ್‌ಗಿಂತ ಕೆಳಗಿತ್ತು. ಆಗ ಎಎಂಡಿಯಲ್ಲಿ ಉಳಿದಿದ್ದವರು ಹತ್ತು ಸಾವಿರಕ್ಕೂ ಕಡಿಮೆ. ಎದುರಿಗಿದ್ದ ಇಂಟೆಲ್‌ನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ.

ಆದರೆ ಅದೇ 2012ರಲ್ಲಿ ಇನ್ನೊಂದು ಕೆಲಸವೂ ಆಯಿತು. ಆಗಸ್ಟಿನಲ್ಲಿ, ಹಿಂದೆ ಎಎಂಡಿಯಲ್ಲೇ ಇದ್ದ ಚಿಪ್ ಡಿಸೈನರ್ ಜಿಮ್ ಕೆಲ್ಲರ್ ಅವರನ್ನು ವಾಪಸ್ ಕರೆತಂದರು. ಪೂರ್ತಿ ಹೊಸ ಕೋರ್ (ಪ್ರೊಸೆಸರಿನಲ್ಲಿ ಲೆಕ್ಕ ಮಾಡುವ ಭಾಗ) ಒಂದನ್ನು ಶುರು ಮಾಡಿದರು. ಅದೇ ಜೆನ್. ಒಂದು ಕ್ಲಾಕಿಗೆ ಆಗುವ ಕೆಲಸವನ್ನು 40% ಹೆಚ್ಚಿಸುತ್ತೇವೆ ಅಂದಿದ್ದರು. 2017ರ ಮಾರ್ಚಿನಲ್ಲಿ ರೈಜನ್ ಹೆಸರಲ್ಲಿ ಹೊರಗೆ ಬಂದಾಗ 52% ಅಂದರು. ಆ ಹೊತ್ತಿಗೆ ಕೆಲ್ಲರ್ ಎಎಂಡಿ ಬಿಟ್ಟು ಒಂದೂವರೆ ವರ್ಷ ಆಗಿತ್ತು.

ಕೆಲ್ಲರ್ ಹೆಸರು ಎಲ್ಲರಿಗೂ ಗೊತ್ತು. ನನಗೆ ಅವರಿಗಿಂತ ಜಾಸ್ತಿ ನೆನಪಾಗುವುದು ಮೈಕ್ ಕ್ಲಾರ್ಕ್. ಜೆನ್‌ನ ಮುಖ್ಯ ಆರ್ಕಿಟೆಕ್ಟ್ ಅವರು. ಓದು ಮುಗಿಸಿ 1993ರಲ್ಲಿ ಎಎಂಡಿ ಸೇರಿದವರು. ಎಎಂಡಿಯ ಹಿಂದಿನ ಪ್ರೊಸೆಸರ್ ಅಥ್ಲಾನ್ ಮೇಲೇರಿದ್ದನ್ನೂ ಬುಲ್ಡೋಜರ್ ಮುಗ್ಗರಿಸಿದ್ದನ್ನೂ ಒಳಗಿನಿಂದಲೇ ನೋಡಿದರು. ಪಕ್ಕದ ಕುರ್ಚಿಗಳು ಒಂದೊಂದಾಗಿ ಖಾಲಿಯಾಗುತ್ತಿದ್ದ ಕಾಲದಲ್ಲೂ ಅಲ್ಲೇ ಕೂತು ಹೊಸ ಕೋರ್ ಬರೆದರು. ಅವರ ಜೊತೆ ಹಾಗೆ ಕೂತಿದ್ದ ನೂರಾರು ಜನರ ಹೆಸರು ನಮಗೆ ಯಾವತ್ತೂ ಗೊತ್ತಾಗುವುದಿಲ್ಲ. ಮುಂದಿನ ಶುಕ್ರವಾರ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದೆ, ಐದು ವರ್ಷದ ಆಚೆಗೆ ಬರುವ ಚಿಪ್ಪಿಗೆ ಮನಸ್ಸಿಟ್ಟು ದುಡಿಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹಾಗಾಗಿ ಅವರ ಬಗ್ಗೆ ನನಗೆ ಇರುವುದು ಬರೀ ಮೆಚ್ಚುಗೆ ಅಲ್ಲ, ಒಂದು ಥರದ ಋಣ.

ಇನ್ನು ಕೆಲ್ಲರ್ ಎಲ್ಲಿಂದ ಬಂದವರು? ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಶನ್, ಅಂದರೆ ಡೆಕ್‌ನಿಂದ. ಈಗ ಆ ಕಂಪನಿಯೇ ಇಲ್ಲ. ತೊಂಬತ್ತರ ದಶಕದಲ್ಲಿ ಅವರ ಆಲ್ಫಾ ಪ್ರೊಸೆಸರ್ ವೇಗದಲ್ಲಿ ಎಲ್ಲರಿಗಿಂತ ಮುಂದಿತ್ತು. ಚಿಪ್ ಗೆದ್ದರೂ ಕಂಪನಿ ಉಳಿಯಲಿಲ್ಲ. 1998ರಲ್ಲಿ ಕಾಂಪ್ಯಾಕ್ ಕೊಂಡಿತು. 2001ರಲ್ಲಿ ಕಾಂಪ್ಯಾಕ್ ಆಲ್ಫಾವನ್ನು ಕೈಬಿಟ್ಟು, ಉಳಿದಿದ್ದ ಎಂಜಿನಿಯರ್‌ಗಳನ್ನು ಇಂಟೆಲ್‌ಗೆ ಒಪ್ಪಿಸಿತು.

ಬಾಳೆ ಗಿಡ ಬಿದ್ದ ಮೇಲೆ ಬುಡದ ಕಂದುಗಳು ಏಳುತ್ತವಲ್ಲ, ಡೆಕ್‌ನದ್ದು ಹಾಗಾಯಿತು. ಆಲ್ಫಾದಲ್ಲಿದ್ದ ಡರ್ಕ್ ಮೈಯರ್ ಎಎಂಡಿಗೆ ಹೋಗಿ ಅಥ್ಲಾನ್ ತಂಡವನ್ನು ನಡೆಸಿದರು. 1999ರಲ್ಲಿ ಅಥ್ಲಾನ್ ಬಂತು. ಅದು ಹೊರಗಿನ ಭಾಗಗಳ ಜೊತೆ ಮಾತಾಡುತ್ತಿದ್ದ ದಾರಿ, ಅಂದರೆ ಬಸ್, ಕೂಡ ಆಲ್ಫಾದ್ದೇ. 2000ದ ಮಾರ್ಚಿನಲ್ಲಿ ಒಂದು ಗಿಗಾಹರ್ಟ್ಸ್ ಗೆರೆಯನ್ನು ಇಂಟೆಲ್‌ಗಿಂತ ಎರಡು ದಿನ ಮೊದಲು ದಾಟಿದ್ದು ಅದೇ ಚಿಪ್. ಮುಂದೆ ಮೈಯರ್ ಎಎಂಡಿಯ ಮುಖ್ಯಸ್ಥರೂ ಆದರು. ಡೆಕ್‌ನ ಇನ್ನೊಬ್ಬ ಹಿರಿಯರು ಡ್ಯಾನ್ ಡಾಬರ್‌ಪುಲ್. ಅವರು ಕಟ್ಟಿದ ಪಿ.ಎ. ಸೆಮಿ ಅನ್ನುವ ಪುಟ್ಟ ಕಂಪನಿಯನ್ನು 2008ರಲ್ಲಿ ಆಪಲ್ ಕೊಂಡಿತು. ಕೆಲ್ಲರ್ ಕೂಡ ಆಗ ಆಪಲ್ ಸೇರಿದ್ದರು. ಅದೇ ವರ್ಷ, ಇಂಟೆಲ್ ಮತ್ತು ಐಬಿಎಂನಲ್ಲಿ ಕೆಲಸ ಮಾಡಿದ್ದ ಜಾನಿ ಸ್ರೂಜಿ ಕೂಡ ಬಂದರು. ಎರಡು ವರ್ಷದಲ್ಲಿ ಆಪಲ್‌ನದೇ ಚಿಪ್ ಎ4. ಹನ್ನೆರಡು ವರ್ಷದಲ್ಲಿ ಕಂಪ್ಯೂಟರಿಗೆ ಎಂ1. 2020ರಲ್ಲಿ ಎಂ1 ಬಂದಾಗ ಆಪಲ್ ತನ್ನ ಲ್ಯಾಪ್‌ಟಾಪ್‌ಗಳಿಂದ ಇಂಟೆಲನ್ನು ಬಿಡಿಸಲು ಶುರು ಮಾಡಿತು.

ಡೆಕ್ ಮುಳುಗಿದ ಸುದ್ದಿಯನ್ನು ತೊಂಬತ್ತರ ಕೊನೆಯಲ್ಲಿ ಓದಿದವರು ಒಂದು ಕಂಪನಿ ಕಡಿಮೆಯಾಯಿತು ಅಂದುಕೊಂಡಿರಬಹುದು. ಇಂಟೆಲ್‌ಗೆ ಮುಂದೆ ಎಎಂಡಿ, ಆಪಲ್ ಎರಡೂ ಕಡೆಯಿಂದ ಬಂದ ಪೆಟ್ಟಿನ ಬೇರು ಅಲ್ಲೇ ಇತ್ತು.

ಇದೇನು ಹೊಸತಲ್ಲ. ಈ ಉದ್ಯಮ ಹುಟ್ಟಿದ್ದೇ ಬಿಟ್ಟು ಹೋದವರಿಂದ. 1957ರಲ್ಲಿ, ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲಿ ಒಬ್ಬರಾದ ವಿಲಿಯಂ ಶಾಕ್ಲಿಯವರ ದರ್ಬಾರು ತಾಳದೆ ಎಂಟು ಜನ ಹೊರಬಂದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಶುರು ಮಾಡಿದರು. ಅವರಲ್ಲಿ ಇಬ್ಬರು, ರಾಬರ್ಟ್ ನಾಯ್ಸ್ ಮತ್ತು ಗೋರ್ಡನ್ ಮೂರ್, 1968ರಲ್ಲಿ ಅಲ್ಲಿಂದಲೂ ಹೊರಟು ಇಂಟೆಲ್ ಕಟ್ಟಿದರು. ಮರುವರ್ಷ ಅದೇ ಫೇರ್‌ಚೈಲ್ಡ್‌ನಿಂದ ಜೆರ್ರಿ ಸ್ಯಾಂಡರ್ಸ್ ಹೊರಟು ಎಎಂಡಿ ಕಟ್ಟಿದರು. ಐವತ್ತು ವರ್ಷ ಜಗಳವಾಡಿದ ಈ ಎರಡು ಕಂಪನಿಗಳು ಒಂದೇ ಮನೆಯಿಂದ ಹೊರಟವು. ಇಂಟೆಲ್‌ನ ಮೊದಲ ಮೈಕ್ರೊಪ್ರೊಸೆಸರ್ 4004ರ ಕೆಲಸ ನಡೆಸಿದ ಫೆಡೆರಿಕೊ ಫ್ಯಾಜಿನ್ 1974ರಲ್ಲಿ ಬಿಟ್ಟು ಹೋಗಿ ಜೈಲಾಗ್ ಶುರು ಮಾಡಿದರು. ಅವರ ಜ಼ೆಡ್80 ಇಂಟೆಲ್ 8080ರ ಪ್ರೋಗ್ರಾಮ್‌ಗಳನ್ನೇ ಓಡಿಸುತ್ತಿತ್ತು. ಪೆಂಟಿಯಮ್ ಕೆಲಸವನ್ನು ಮುನ್ನಡೆಸಿದ ವಿನೋದ್ ಧಾಮ್ 1995ರಲ್ಲಿ ಇಂಟೆಲ್ ಬಿಟ್ಟು ನೆಕ್ಸ್‌ಜೆನ್ ಅನ್ನುವ ಚಿಪ್ ಕಂಪನಿ ಸೇರಿದರು. ನೆಕ್ಸ್‌ಜೆನ್ ಅನ್ನು ಎಎಂಡಿ ಕೊಂಡಿತು. 1997ರಲ್ಲಿ ಎಎಂಡಿಯ ಕೆ6 ಚಿಪ್ ಬಂತು. ಪೆಂಟಿಯಮ್ ಕೂರುವ ಸಾಕೆಟ್‌ನಲ್ಲೇ ಅದೂ ಕೂರುತ್ತಿತ್ತು!

ಕ್ಯಾಲಿಫೋರ್ನಿಯಾದಲ್ಲಿ ಇದೆಲ್ಲ ಸಾಧ್ಯವಾಗಲು 1872ರ ಒಂದು ಹಳೆಯ ಕಾನೂನು ದೊಡ್ಡ ಕಾರಣ. ಕೆಲಸ ಬಿಟ್ಟವರು ಎದುರಾಳಿಯ ಕಡೆ ಹೋಗಬಾರದು ಅನ್ನುವ ಕರಾರು ಅಲ್ಲಿ ನಡೆಯುವುದಿಲ್ಲ. ಗುಟ್ಟು ಕದ್ದರೆ ಕೇಸು ಹಾಕಬಹುದು. ಮನುಷ್ಯನನ್ನು ಕಟ್ಟಿಹಾಕುವಂತಿಲ್ಲ.

ಕಾನೂನು ಬಿಡದಿದ್ದರೂ ಕಂಪನಿಗಳು ಬೇರೆ ದಾರಿ ಹುಡುಕಿದವು. ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ನಿಮ್ಮವರಿಗೆ ನಾವು ಫೋನ್ ಮಾಡುವುದಿಲ್ಲ, ನಮ್ಮವರಿಗೆ ನೀವು ಮಾಡಬೇಡಿ. ಮೇಲಿನವರು ತಮ್ಮತಮ್ಮಲ್ಲೇ ಹೀಗೆ ಮಾತಾಡಿಕೊಂಡಿದ್ದರು. 2010ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಇದನ್ನು ಹೊರಗೆಳೆಯಿತು. ಪಟ್ಟಿಯಲ್ಲಿ ಇಂಟೆಲ್, ಆಪಲ್, ಗೂಗಲ್, ಅಡೋಬಿ ಎಲ್ಲ ಇದ್ದವು. ನೌಕರರ ಪರವಾಗಿ ಹಾಕಿದ ಕೇಸಿನಲ್ಲಿ ಈ ನಾಲ್ಕು ಕಂಪನಿಗಳು 41.5 ಕೋಟಿ ಡಾಲರ್ ಕೊಡಲು ಒಪ್ಪಿದವು. 2015ರಲ್ಲಿ ಕೋರ್ಟು ಅದಕ್ಕೆ ಒಪ್ಪಿಗೆ ಕೊಟ್ಟಿತು. ಕೇಸಿನಲ್ಲಿ ಸೇರಿದ್ದವರು 64 ಸಾವಿರಕ್ಕೂ ಹೆಚ್ಚು ಜನ. ತಲೆಗೆ ಎಷ್ಟು ಬಂತು ಅಂತ ನೀವೇ ಲೆಕ್ಕ ಹಾಕಿ. ನಮಗೆ ಬರಬೇಕಿದ್ದ ಫೋನ್ ಬರದೇ ಹೋಯಿತು ಅಂತ ಅವರಲ್ಲಿ ಎಷ್ಟು ಜನರಿಗೆ ತಿಳಿದಿತ್ತು? ಬೇಡವಾದಾಗ ಹದಿನೈದು ನಿಮಿಷದಲ್ಲಿ ಕಳಿಸಬಹುದು. ಹೋಗಬೇಕು ಅನ್ನಿಸಿದಾಗ ಮಾತ್ರ ಬಾಗಿಲು ಮೆಲ್ಲಗೆ ಮುಚ್ಚಿರಬೇಕು. ಇದು ನ್ಯಾಯ ಅಲ್ಲ ಅಲ್ವಾ?

ಹಾಗಂತ ಎಲ್ಲ ಜಿಗಿತವೂ ಸರಿ ಅನ್ನುವಷ್ಟು ಸುಲಭವಾಗಿಯೂ ಇಲ್ಲ ವಿಷಯ. ಲಿಯಾಂಗ್ ಮಾಂಗ್-ಸಾಂಗ್ ಅವರ ಪ್ರಕರಣದಲ್ಲಿ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ಬೇರೆಯವರ ಚಿಪ್‌ಗಳನ್ನು ತಯಾರಿಸಿಕೊಡುವ ತೈವಾನ್‌ನ ಟಿಎಸ್‌ಎಂಸಿಯಲ್ಲಿ ಸಂಶೋಧನೆಯ ದೊಡ್ಡ ತಲೆ ಅವರು. 2009ರಲ್ಲಿ ಬಿಟ್ಟರು. 2011ರಲ್ಲಿ ಸ್ಯಾಮ್‌ಸಂಗ್ ಸೇರಿದರು. ಟಿಎಸ್‌ಎಂಸಿ ಕೇಸು ಹಾಕಿತು. 2015ರ ಕೊನೆಯವರೆಗೆ ಸ್ಯಾಮ್‌ಸಂಗ್‌ನಲ್ಲಿ ಕೆಲಸ ಮಾಡುವಂತಿಲ್ಲ ಅಂತ ತೈವಾನ್ ಕೋರ್ಟು ತೀರ್ಪು ಕೊಟ್ಟಿತು. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. 2015ರ ಶುರುವಿನಲ್ಲಿ ಸ್ಯಾಮ್‌ಸಂಗ್ 14 ನ್ಯಾನೊಮೀಟರ್ ಫಿನ್‌ಫೆಟ್ (ರೆಕ್ಕೆಯ ಹಾಗೆ ಎದ್ದು ನಿಲ್ಲುವ ಟ್ರಾನ್ಸಿಸ್ಟರ್) ಚಿಪ್‌ಗಳನ್ನು ಟಿಎಸ್‌ಎಂಸಿಯ 16ಕ್ಕಿಂತ ಮೊದಲೇ ರಾಶಿಗಟ್ಟಲೆ ತೆಗೆಯುತ್ತಿತ್ತು. ಈ ಸಂಖ್ಯೆ ಇಳಿದಷ್ಟೂ ತಯಾರಿಕೆ ಹೊಸದು, ಸೂಕ್ಷ್ಮ. 2017ರಲ್ಲಿ ಲಿಯಾಂಗ್ ಚೀನಾದ ಚಿಪ್ ತಯಾರಕ ಕಂಪನಿ ಎಸ್‌ಎಂಐಸಿಗೆ ಹೋದರು. 2019ರಲ್ಲಿ ಅಲ್ಲೂ 14 ಬಂತು. 2023ರಲ್ಲಿ ಹುವಾವೇ ಫೋನಿನೊಳಗೆ ಎಸ್‌ಎಂಐಸಿಯ 7 ನ್ಯಾನೊಮೀಟರ್ ಮಟ್ಟದ ಚಿಪ್ ಸಿಕ್ಕಿದಾಗ ಜಗತ್ತೇ ತಿರುಗಿ ನೋಡಿತು.

ಒಬ್ಬನಿಂದ ಇಷ್ಟೆಲ್ಲ ಆಗುವುದಿಲ್ಲ. ಪ್ರತಿ ಕಡೆಯೂ ಸಾವಿರಾರು ಜನ ದುಡಿದಿದ್ದಾರೆ. ಆದರೆ ಯಾವ ದಾರಿಯಲ್ಲಿ ಹೋದರೆ ಎರಡು ವರ್ಷ ಹಾಳಾಗುತ್ತದೆ ಅಂತ ಮೊದಲೇ ಗೊತ್ತಿರುವ ಒಬ್ಬರು ಜೊತೆಗಿದ್ದರೆ ಆ ಸಾವಿರ ಜನರ ಎರಡು ವರ್ಷ ಉಳಿಯುತ್ತದೆ. ಸೋತು ಕಲಿತದ್ದು ಯಾರ ಸ್ವತ್ತು? ಸೋಲಿನ ಖರ್ಚು ಕೊಟ್ಟ ಕಂಪನಿಯದೋ, ಸೋತು ನಿದ್ದೆಗೆಟ್ಟವನದೋ? ಫೈಲು ಹೊತ್ತುಕೊಂಡು ಹೋದರೆ ಅದು ಕಳ್ಳತನ, ಅದರಲ್ಲಿ ಮಾತಿಲ್ಲ. ತಲೆಯಲ್ಲಿ ಉಳಿದ ಎಚ್ಚರಿಕೆಯನ್ನು ಮಾತ್ರ ಬಾಗಿಲಲ್ಲಿ ಇಳಿಸಿ ಹೋಗಲು ಆಗುವುದಿಲ್ಲ. ನನಗಂತೂ ಆಗಲಿಲ್ಲ.

ಫ್ಯಾಬ್‌ಗಳಲ್ಲಿ ಈ ತಲೆಯಲ್ಲಿರುವ ವಿದ್ಯೆಯ ಭಾರ ಇನ್ನೂ ಜಾಸ್ತಿ. ಇಂಟೆಲ್‌ನಲ್ಲಿ ಒಂದು ಹಳೆಯ ನಿಯಮ ಇದೆ. ಕಾಪಿ ಎಕ್ಸಾಕ್ಟ್‌ಲಿ. ಒಂದು ಫ್ಯಾಬಿನಲ್ಲಿ ಚಿಪ್ ಸರಿಯಾಗಿ ಬಂದರೆ, ಇನ್ನೊಂದು ಫ್ಯಾಬನ್ನು ಪೈಪಿನ ಉದ್ದದವರೆಗೆ ಹಾಗೆಯೇ ಕಟ್ಟಬೇಕು. ಯಾಕೆಂದರೆ ಯಾವುದರಿಂದ ಯೀಲ್ಡ್ (ಸರಿಯಾಗಿ ಬರುವ ಚಿಪ್‌ಗಳ ಪಾಲು) ಚೆನ್ನಾಗಿ ಬರುತ್ತಿದೆ ಅಂತ ಯಾರಿಗೂ ಪೂರ್ತಿ ಬರೆದಿಡಲು ಆಗುವುದಿಲ್ಲ. ಪೈಪನ್ನು ಕಾಪಿ ಮಾಡಬಹುದು, ಜನರನ್ನು ಆಗುವುದಿಲ್ಲ. ಟಿಎಸ್‌ಎಂಸಿ ಅರಿಜೋನಾದಲ್ಲಿ ಫ್ಯಾಬ್ ಕಟ್ಟುವಾಗ ಇದೇ ಆಯಿತು. ಮೆಷಿನ್ ಕೂರಿಸಲು ಪಳಗಿದ ಕೈಗಳು ಸಾಲದೆ ಉತ್ಪಾದನೆ 2025ಕ್ಕೆ ಹೋಗುತ್ತದೆ ಅಂತ 2023ರಲ್ಲಿ ಹೇಳಿದರು. ತೈವಾನ್‌ನಿಂದ ಟೆಕ್ನಿಶಿಯನ್‌ಗಳನ್ನು ಕರೆಸಿಕೊಳ್ಳಬೇಕಾಯಿತು.

ಈಗ ಇಂಟೆಲ್ ಸುದ್ದಿ ಓದುವಾಗ ನನ್ನ ಎದೆ ಭಾರವಾಗುತ್ತದೆ. 2016ರಲ್ಲಿ 12 ಸಾವಿರ ಜನರನ್ನು ತೆಗೆಯುತ್ತೇವೆ ಅಂದರು. ಅವರ 10 ನ್ಯಾನೊಮೀಟರ್ ತಯಾರಿಕೆ ಆಗಲೇ ತಡವಾಗಿತ್ತು, ಇನ್ನೂ ತಡವಾಯಿತು. 2020ರ ಜುಲೈನಲ್ಲಿ 7 ಕೂಡ ತಡ ಅಂದರು. ಆ ಕಡಿತದಿಂದಲೇ ಈ ತಡ ಅಂತ ನಾನು ಗೆರೆ ಎಳೆಯುವುದಿಲ್ಲ. ಕಾರಣಗಳು ಬಹಳ ಇದ್ದವು. ಆದರೆ 2021ರಲ್ಲಿ ಕಂಪನಿ ಮೊದಲು ಮಾಡಿದ್ದು ಏನು? ಹಳಬರನ್ನು ಹುಡುಕಿ ಕರೆದದ್ದು. ಹದಿನೆಂಟನೇ ವಯಸ್ಸಿಗೆ ಅಲ್ಲಿ ಟೆಕ್ನಿಶಿಯನ್ ಆಗಿ ಸೇರಿ, 486 ಚಿಪ್ಪಿನ ಆರ್ಕಿಟೆಕ್ಟ್ ಆಗಿ, 2009ರಲ್ಲಿ ಹೊರಗೆ ಹೋಗಿದ್ದ ಪ್ಯಾಟ್ ಗೆಲ್ಸಿಂಗರ್ ಮುಖ್ಯಸ್ಥರಾಗಿ ಬಂದರು. ಇಂಟೆಲ್‌ನ ನೆಹಾಲೆಮ್ ಪ್ರೊಸೆಸರಿನ ತಂಡವನ್ನು ನಡೆಸಿದ್ದ ಗ್ಲೆನ್ ಹಿಂಟನ್ ನಿವೃತ್ತಿ ಬಿಟ್ಟು ಮರಳಿದರು. ಆ ಸುದ್ದಿ ಓದಿದ ದಿನ ನನಗೆ ನಿಜಕ್ಕೂ ಸಂತೋಷವಾಗಿತ್ತು.

ಗೆಲ್ಸಿಂಗರ್ ನಾಲ್ಕು ವರ್ಷದಲ್ಲಿ ಐದು ಹೊಸ ಪ್ರಾಸೆಸ್ (ಚಿಪ್ ತಯಾರಿಸುವ ವಿಧಾನ) ತರುತ್ತೇವೆ ಅಂದರು. ಐದನೆಯದು 18ಎ. 2024ರ ಆಗಸ್ಟಿನಲ್ಲಿ 15 ಸಾವಿರಕ್ಕೂ ಹೆಚ್ಚು ಜನರ ಕಡಿತ ಬಂತು. ಡಿಸೆಂಬರಿನಲ್ಲಿ ಗೆಲ್ಸಿಂಗರ್ ಅವರೇ ಹೊರನಡೆದರು. 1986ರ ಮೇಲೆ ಮೊದಲ ಸಲ ಕಂಪನಿ ವರ್ಷದ ಲೆಕ್ಕದಲ್ಲಿ ನಷ್ಟ ಕಂಡಿತು. ಹೊಸ ಮುಖ್ಯಸ್ಥರಾಗಿ ಬಂದ ಲಿಪ್-ಬು ತಾನ್ 2025ರ ಕೊನೆಗೆ ಸುಮಾರು 75 ಸಾವಿರ ಜನರಷ್ಟೇ ಇರುತ್ತಾರೆ ಅಂದರು. ಅದೇ ವರ್ಷ ಅಕ್ಟೋಬರಿನಲ್ಲಿ ಇಂಟೆಲ್ ಅರಿಜೋನಾದ ಫ್ಯಾಬ್ 52ರ ಬಾಗಿಲು ತೆರೆದು, 18ಎಯಲ್ಲಿ ಪ್ಯಾಂಥರ್ ಲೇಕ್ ಪ್ರೊಸೆಸರ್ ತಯಾರಾಗುತ್ತಿದೆ ಅಂತ ವೇಫರ್ ಹಿಡಿದು ತೋರಿಸಿತು. ಫೋಟೋದಲ್ಲಿ ಆ ಹೊಳೆಯುವ ತಟ್ಟೆ ನೋಡುತ್ತಾ ಕೂತೆ. ಅದರಲ್ಲಿ ಸೇರಿದ ಎಷ್ಟೋ ಕೈಗಳು ಆ ಹೊತ್ತಿಗೆ ಬೇರೆ ಕಡೆ ರೆಸ್ಯೂಮೆ ಕಳಿಸುತ್ತಿದ್ದವು. ಕೆಲವರು ಈಗ ಎದುರಾಳಿಯ ಫ್ಲೋರಿನಲ್ಲಿ ಕೂತು, 2029ರಲ್ಲಿ ಬರುವ ಚಿಪ್ಪಿಗೆ ಟೆಸ್ಟ್ ಬರೆಯುತ್ತಿರಬಹುದು.

ನಾನೂ ಹಾಗೇ ಎದುರಾಳಿಯ ಕಡೆ ಸೇರಿದವನು. ಕೆಲಸ ಹೋಗಿ ಎರಡೂವರೆ ತಿಂಗಳಿಗೆ ಅಲ್ಲಿ ಸಿಕ್ಕಿತು. ಮೊದಲ ದಿನವೇ ಒಂದು ಗಂಟೆಯ ಪಾಠ. ಹಳೆಯ ಕಂಪನಿಯ ಕಾಗದ ತರಬೇಡಿ, ಇಲ್ಲಿಯ ಮಾತು ಅಲ್ಲಿಗೆ ಒಯ್ಯಬೇಡಿ. ಸಹಿ ಹಾಕಿದೆ.

ಕೆಲವು ತಿಂಗಳ ಮೇಲೆ ಒಂದು ರಾತ್ರಿ ಫೋನ್ ಬಂತು. ಹಳೆಯ ಕಂಪನಿಯಲ್ಲಿ ಉಳಿದುಕೊಂಡಿದ್ದ ಗೆಳೆಯ. ದನಿ ಸೋತಿತ್ತು. ಸಿಲಿಕಾನ್ ಲ್ಯಾಬಿಗೆ ಬಂದಿದೆ ಅಂದ. ಎಲ್ಲ ಚೆನ್ನಾಗಿದೆ, ಆದರೆ ನಿದ್ದೆಯಿಂದ ಏಳುವಾಗ ಯಾವಾಗಲೋ ಒಮ್ಮೆ ಹ್ಯಾಂಗ್ ಆಗುತ್ತಿದೆ. ಮೂರು ವಾರದಿಂದ ಹುಡುಕುತ್ತಿದ್ದೇವೆ. ನಿನ್ನ ಜಾಗದಲ್ಲಿ ಯಾರೂ ಇಲ್ಲ. ಏನಾದರೂ ನೆನಪಿದೆಯಾ?

ನೆನಪಿತ್ತು. ಫೋನ್ ಕಿವಿಯಲ್ಲಿ ಇರುವಾಗಲೇ ಸಿಗ್ನಲ್‌ಗಳ ಏರಿಳಿತದ ಚಿತ್ರ, ಆ ವೇವ್‌ಫಾರ್ಮ್, ಕಣ್ಣಮುಂದೆ ಬಂತು. ಏಳುವ ಹೊತ್ತಿನಲ್ಲಿ ಎರಡು ಕ್ಲಾಕ್‌ಗಳ ನಡುವಿನ ಒಂದು ಸಣ್ಣ ಸಂದು. ಸರಿಯಾಗಿ ಆ ಸಂದಿನಲ್ಲಿ ಇಂಟರಪ್ಟ್ (ತಕ್ಷಣ ಗಮನ ಕೊಡು ಅನ್ನುವ ಸಿಗ್ನಲ್) ಬಂದರೆ ನನ್ನ ಟೆಸ್ಟ್ ಒಂದು ಫೇಲ್ ಆಗುತ್ತಿತ್ತು. ಫರ್ಮ್‌ವೇರ್‌ನವರು, ಅಂದರೆ ಚಿಪ್ಪನ್ನು ನಡೆಸುವ ಒಳಗಿನ ಸಾಫ್ಟ್‌ವೇರ್ ಬರೆಯುವವರು, ಆ ಹೊತ್ತಿನಲ್ಲಿ ಇಂಟರಪ್ಟ್ ಬರದ ಹಾಗೆ ತಡೆಯುತ್ತೇವೆ ಅಂದಿದ್ದರು. ಹಾಗಾಗಿ ಅದನ್ನು ವೇವರ್ ಪಟ್ಟಿಗೆ, ಅಂದರೆ ಗೊತ್ತಿದ್ದೂ ಬಿಟ್ಟ ತಪ್ಪುಗಳ ಪಟ್ಟಿಗೆ, ಸೇರಿಸಿ, ಫರ್ಮ್‌ವೇರ್ ನೋಡಿಕೊಳ್ಳುತ್ತದೆ ಅಂತ ಒಂದು ಸಾಲು ಬರೆದಿದ್ದೆ. ನಮ್ಮನ್ನು ತೆಗೆದ ದಿನವೇ ಆ ಫರ್ಮ್‌ವೇರ್ ತಂಡವನ್ನೂ ತೆಗೆದಿದ್ದರು. ಮಾತು ಕೊಟ್ಟವರೂ ಇಲ್ಲ, ಮಾತು ತಗೊಂಡವನೂ ಇಲ್ಲ. ಚಿಪ್ ಮಾತ್ರ ಬಂದಿತ್ತು.

ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅವನೂ ಸುಮ್ಮನಿದ್ದ. ನಾನು ಈಗ ಎಲ್ಲಿದ್ದೇನೆ ಅಂತ ಅವನಿಗೆ ಗೊತ್ತಿತ್ತು. ಹೊಸ ಕಂಪನಿಯ ಯಾವ ಗುಟ್ಟೂ ಇದರಲ್ಲಿ ಇರಲಿಲ್ಲ. ಅದು ಅವರದೇ ಚಿಪ್, ಅವರದೇ ಸರ್ವರಿನಲ್ಲಿ ನಾನೇ ಬರೆದಿಟ್ಟು ಬಂದ ಸಾಲು. ಆದರೂ ನಾನು ಸಹಾಯ ಮಾಡುತ್ತಿದ್ದದ್ದು ಎದುರಾಳಿಗೆ.

"ವೇವರ್ ಪಟ್ಟಿ ತೆಗೆದು ನೋಡು, ನನ್ನ ಹೆಸರಲ್ಲಿ ಹುಡುಕು" ಅಂದೆ.

ಎರಡು ದಿನದ ಮೇಲೆ ಒಂದು ಮೆಸೇಜ್ ಬಂತು. "ಸಿಕ್ಕಿತು. ಫರ್ಮ್‌ವೇರ್‌ನಲ್ಲೇ ಸರಿ ಮಾಡಿದೆವು. ಮಲಗ್ತೀನಿ ಈಗ."